ಮೇಜರ್ ಸಾಹೇಬರ ಒಂದು ಓಟು

ಹೆದರ್ಬೇಡ, ನಾನೇ... ನಾನೇ ಕಣಕ್ಕಾ! ಏಳ್ಬೇಡ, ಏಳ್ಬೇಡ, ಕೂತ್ಕೋ. ಹಿಂದಿನ ಬಾಗಿಲು ತೆಗೆದೇ ಇತ್ತು, ನುಗ್ಗಿಬಿಟ್ಟೆ. ಹೊಲಿ ನೀನು, ಕೆಲ್ಸ ನಿಲ್ಲಿಸ್ಬೇಡ. ಮೆಷಿನ್ನು ಓಡ್ತಾ ಇದ್ರೇ ಒಳ್ಳೇದು, ಹೊರಗಿನವರಿಗೆ ನನ್ನ ಮಾತು ಕೇಳ್ಸಲ್ಲ. ಈ ಪರದೆ ಎಳೀಲಾ? ಬೆಳಕು ಬೇಕಾ ನಿಂಗೆ? ಸರಿ ಸರಿ, ಹಾಗೆ ನೋಡ್ಬೇಡ. ಅರ್ಧ ಎಳೀತೀನಿ. ಅರ್ಧ ನಿಂಗೆ, ಅರ್ಧ ನಂಗೆ.

ಯಾಕೆ ನಗ್ತೀಯ? ನಕ್ಕೆ, ನಾನು ನೋಡ್ದೆ, ಮೂಗಿನ ತುದೀಲಿ ನಕ್ಕೆ. ಓ... ಈ ಚಪ್ಪಲೀನಾ! ಹೋಟೆಲ್ಲಿನದು. ಕೋಣೆ ಒಳಗೆ ಹಾಕ್ಕೊಳ್ಳೋಕೆ ಕೊಡ್ತಾರಲ್ಲ, ಬಿಳೀದು, ರಟ್ಟಿನ ಹಾಗಿರೋದು. ಇದ್ರಲ್ಲೇ ಬಂದೆ, ಊರಾಚೆಯಿಂದ ಇಲ್ಲೀವರೆಗೆ. ಶೂ ಹಾಕ್ಕೊಳ್ಳೋಕೆ ಪುರುಸೊತ್ತು ಎಲ್ಲಿತ್ತು? ಮೇಜರ್ ಸಾಹೇಬ್ರು, ಮೂರು ಸಲದ ಎಮ್ಮೆಲ್ಲೆ, ಹೋಟೆಲ್ ಚಪ್ಪಲೀಲಿ! ನಗು, ನಗು. ನಾಲ್ಕು ವರ್ಷದ ಮೇಲೆ ನನ್ನ ಮುಂದೆ ನಕ್ಕಿದ್ದೀಯ, ಅದೇ ದೊಡ್ಡದು.

ಮಾತು ಮಾತ್ರ ಇಲ್ಲ. ಅಲ್ವಾ?

...ಇಲ್ಲ. ಸರಿ. ನಿನ್ನ ಹಟ ನಂಗೊತ್ತಿಲ್ವಾ. ಸಣ್ಣೋನಿದ್ದಾಗ ನಿನ್ನ ಕತ್ತರಿ ಕದ್ದು ತಗಡು ಕತ್ತರಿಸಿದ್ದಕ್ಕೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆ. ಊಟ ಬಡಿಸ್ತಿದ್ದೆ, ತಲೆ ಬಾಚ್ತಿದ್ದೆ, ಗುಂಡಿ ಕಿತ್ತುಹೋದ್ರೆ ಹಾಕಿಕೊಡ್ತಿದ್ದೆ. ಮಾತು ಮಾತ್ರ ಇಲ್ಲ. ಅಮ್ಮ ಇಲ್ದ ಮನೇಲಿ ನೀನೂ ಮಾತು ಬಿಟ್ರೆ ನಾನು ಯಾರ ಹತ್ರ ಹೋಗ್ಬೇಕಿತ್ತು ಹೇಳು? ಗೋಡೆ ಹತ್ರ ಮಾತಾಡ್ತಿದ್ದೆ. ಆಮೇಲೆ ಅದೇ ಅಭ್ಯಾಸ ಆಯ್ತು ಬಿಡು.

ನೀರು ನಾನೇ ತೊಗೋತೀನಿ. ಲೋಟ... ಹ್ಞಾಂ, ಸಿಕ್ತು.

ಅಬ್ಬಾ!

ಪೇಪರ್ ಓದಿರ್ತೀಯಲ್ಲ. ಇವತ್ತು ಮಧ್ಯಾಹ್ನ ಸದನದಲ್ಲಿ ವಿಶ್ವಾಸಮತ. ನಮ್ಮ ಸರ್ಕಾರ ಉಳಿಯುತ್ತೋ ಉರುಳುತ್ತೋ ಇವತ್ತೇ ತೀರ್ಮಾನ. ಆ ಕಡೆಯೋರು ನಮ್ಮವರನ್ನ ಎಳ್ಕೊಂಡು ಹೋಗ್ತಾರೆ ಅಂತ ವಾರದಿಂದ ನಮ್ಮನ್ನೆಲ್ಲ ಒಂದು ಹೋಟೆಲ್ಲಿನಲ್ಲಿ ಕೂಡಿಹಾಕಿದ್ರು. ಕೋಳಿ ಗೂಡಿಗೆ ಕೋಳಿ ಹಾಕಿದ ಹಾಗೆ! ಫೋನೆಲ್ಲ ಕಿತ್ಕೊಂಡ್ರು. ಗೇಟಿನಲ್ಲಿ ಕಾವಲು. ಈಜುಕೊಳದ ಸುತ್ತ ನಮ್ಮ ಎಮ್ಮೆಲ್ಲೆಗಳು ಚಡ್ಡಿ ಹಾಕ್ಕೊಂಡು ಕೂತಿರೋದು ನೀನು ನೋಡ್ಬೇಕಿತ್ತು. ಪ್ರಜಾಪ್ರತಿನಿಧಿಗಳು! ಪ್ರಜೆಗಳು ನೋಡಿದ್ರೆ ಮುಂದಿನ ಸಲ ಬಿಚ್ಚಿಟ್ಟ ಬಟ್ಟೆಗಾದ್ರೂ ಓಟು ಹಾಕ್ತಿದ್ರು, ಇವರಿಗೆ ಹಾಕ್ತಿರ್ಲಿಲ್ಲ.

ನಾನು ತಪ್ಪಿಸ್ಕೊಂಡು ಬಂದೆ ಅಕ್ಕಾ. ಹೌದು! ಈ ವಯಸ್ಸಿನಲ್ಲಿ! ಬೆಳಿಗ್ಗೆ ಎಲ್ರೂ ತಿಂಡಿಗೆ ಇಳೀತಿದ್ರು, ನಾನು ಅಡುಗೆಮನೆ ಹಿಂದಿನಿಂದ ಜಾರಿಕೊಂಡೆ. ಕಾಂಪೌಂಡು ಗೋಡೆ ಆಳೆತ್ತರಕ್ಕಿಂತ ಎತ್ತರ, ಮೇಲೆ ಗಾಜಿನ ಚೂರು ಬೇರೆ. ಒಂದು ಡಬ್ಬದ ಮೇಲೆ ಕಾಲಿಟ್ಟೆ, ಟವೆಲ್ಲು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿದೆ, ಉಸಿರು ಬಿಗಿಹಿಡಿದೆ... ಒಂದೇ ನೆಗೆತ! ಆಚೆ ಕಡೆ! ಟ್ರೇನಿಂಗ್ ಅಂದ್ರೆ ಟ್ರೇನಿಂಗು. ಮೈ ಮರೆಯಲ್ಲ.

ಯಾಕೆ ಮಂಡಿ ನೋಡ್ತೀಯ? ಮಂಡಿಗೇನೂ ಆಗಿಲ್ಲ. ನೋವಿದೆ, ಅದು ಹಳೇದು, ಮೆಟ್ಟಿಲು ಹತ್ತುವಾಗ ಮಾತ್ರ... ಗೋಡೆ ಬೇರೆ, ಮೆಟ್ಟಿಲು ಬೇರೆ ಅಕ್ಕಾ. ನೀನು ಹೊಲಿ.

ಈಗ ಎರಡೂ ಕಡೆಯೋರು ನನ್ನ ಹುಡುಕ್ತಿರ್ತಾರೆ, ಹುಚ್ಚು ಹಿಡಿದವರ ಹಾಗೆ. ಒಂದು ಓಟು ಕಣಕ್ಕಾ! ಒಂದೇ ಒಂದು ಓಟಿನ ಮೇಲೆ ಸರ್ಕಾರ ತೂಗಾಡ್ತಿದೆ. ಆ ಓಟು ಎಲ್ಲಿದೆ? ಇಲ್ಲಿದೆ, ನಿನ್ನ ಮನೇಲಿ, ಸ್ಕೂಲ್ ಮಕ್ಕಳ ಶರ್ಟಿನ ರಾಶಿ ಪಕ್ಕ ಮೋಟು ಸ್ಟೂಲಿನ ಮೇಲೆ ಕೂತಿದೆ. ನಮ್ಮ ದೊಡ್ಡವರಿದ್ದಾರಲ್ಲ, ನಾಯಕರು, ಅವರು ಈಗ ತಲೆ ಮೇಲೆ ಕೈ ಹೊತ್ತುಕೊಂಡು ಕೂತಿರ್ತಾರೆ. ಇನ್ನೇನು, ನನ್ನ ಸಂಬಂಧಿಕರು ಯಾರು ಯಾರು ಅಂತ ವಿಚಾರಿಸ್ತಾರೆ, ನಂಗಿರೋದು ನೀನೊಬ್ಬಳು, ನೆಟ್ಟಗೆ ಇಲ್ಲಿಗೇ...

ಶ್! ಗಾಡಿ! ನಿಲ್ಸು, ನಿಲ್ಸು ಮೆಷಿನ್ನು...

...

ಸ್ಕೂಲ್ ವ್ಯಾನು. ಹೋಯ್ತು.

ಬರ್ತಾರೆ, ಬರ್ತಾರೆ. ಬಂದ್ರೆ ನೀನು ಏನೂ ಹೇಳ್ಬೇಡ. ಅದೇನು ನಿಂಗೆ ಕಷ್ಟ ಅಲ್ಲ ಬಿಡು.

ಕೋಪ ಬಂತಾ? ತಮಾಷೆಗಂದೆ.

ನಾನೇನು ರಾಜಕೀಯ ಮಾಡ್ಬೇಕು ಅಂತ ಹಪಹಪಿಸಿ ಬಂದೋನಾ, ನೀನೇ ಹೇಳು. ಸೈನ್ಯದಿಂದ ಬಿಡುಗಡೆಯಾಗಿ ಬಂದೆ, ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ನೀನೂ ಭಾವನೂ ಹೆಣ್ಣು ನೋಡೋಕೆ ಶುರು ಮಾಡಿದ್ರಿ. 'ಈ ನರೆತ ತಲೆಗೆ ಈಗ ಯಾರು ಕೊಡ್ತಾರೆ' ಅಂತ ನಾನು, 'ತಲೆ ನೋಡಿ ಕೊಡಲ್ಲ, ಪಿಂಚಣಿ ನೋಡಿ ಕೊಡ್ತಾರೆ' ಅಂತ ಭಾವ! ಅಷ್ಟರಲ್ಲಿ ಹೊಳೆ ಉಕ್ಕಿತು. ಆಚೆ ದಡದ ಹಳ್ಳಿ ಸುತ್ತ ನೀರು, ಮಧ್ಯೆ ಸಣ್ಣ ದಿಬ್ಬ, ದಿಬ್ಬದ ಮೇಲೆ ಜನ. ಸೆಳೆತಕ್ಕೆ ದೋಣಿ ನಿಲ್ತಿರ್ಲಿಲ್ಲ. ನಾನು ಸೈನ್ಯದಲ್ಲಿ ಮಾಡಿದ್ದೇ ಅದು ತಾನೆ, ಸೇತುವೆ ಕಟ್ಟೋದು. ಗುಂಡು ಹಾರಿಸೋದಕ್ಕಿಂತ ಹೆಚ್ಚಾಗಿ ಸೇತುವೆ ಕಟ್ಟಿದ್ದೀನಿ. ಖಾಲಿ ಡ್ರಮ್ಮು, ಬಿದಿರು, ಲಾರಿ ಹಗ್ಗ, ಊರಿನ ಹುಡುಗರು. 'ಆ ಗಂಟು ಬಿಚ್ಚು, ಈ ಗಂಟು ಹಾಕು, ನೀರನ್ನ ನೋಡ್ಬೇಡ, ನನ್ನ ನೋಡು!' ಅಂತ ಗಂಟಲು ಹರಿಯೋ ಹಾಗೆ ಕೂಗಿ ಕೂಗಿ... ಕಟ್ಟಿಬಿಟ್ಟೆವು. ತೇಲೋ ಸೇತುವೆ. ಒಬ್ಬೊಬ್ಬರನ್ನೇ ದಾಟಿಸಿದ್ವಿ.

ಒಬ್ಬ ಅಜ್ಜಿ. ಹೇಳಿದ್ನಲ್ಲ ನಿಂಗೆ ಆಗ? ಬಾಗಿಲು ತಲೆ ಮೇಲೆ ಹೊತ್ಕೊಂಡು ನಿಂತಿದ್ಲು! ಮನೆ ಬಾಗಿಲು! ಅದನ್ನ ಚೌಕಟ್ಟಿನಿಂದ ಕಿತ್ತುಕೊಂಡು ಬಂದಿದ್ದಾಳೆ. 'ಅಜ್ಜೀ, ಬಾಗಿಲು ಬಿಡು, ಪ್ರಾಣ ಉಳಿಸ್ಕೋ' ಅಂದ್ರೆ, 'ಮನೆ ಹಳೇದು ಕಣಪ್ಪಾ, ಹೋಗ್ಲಿ. ಬಾಗಿಲು ಹೋದ ವರ್ಷ ಮಾಡ್ಸಿದ್ದು' ಅಂದ್ಲು. ಏನು ಮಾಡೋದು? ಒಂದು ತುದಿ ಅವಳು, ಒಂದು ತುದಿ ನಾನು, ಬಾಗಿಲನ್ನೂ ದಾಟಿಸಿದ್ವಿ.

ನೋಡು, ಆಗ್ಲೂ ನಕ್ಕಿದ್ದೆ ನೀನು. ಈಗ್ಲೂ ನಕ್ಕೆ.

ಮಾರನೇ ವಾರ ಬಿಳಿ ಕಾರು ಬಂತಲ್ಲ ನಮ್ಮ ಬೀದಿಗೆ. ದೊಡ್ಡವರು ಖುದ್ದಾಗಿ ಬಂದ್ರು. 'ಸಾಹೇಬ್ರೇ, ದೇಶಕ್ಕೆ ದುಡಿದಿದ್ದೀರಿ, ಇನ್ನು ನಾಡಿಗೆ ದುಡೀರಿ' ಅಂದ್ರು. ಆಹಾ, ಏನು ಮಾತು! ನೀನು ಒಳಗಿನಿಂದ ತಲೆ ಅಲ್ಲಾಡಿಸ್ತಾ ಇದ್ದೆ, ಬೇಡ ಬೇಡ ಅಂತ. ನೋಡಿದ್ದೆ ನಾನು. ನೋಡಿಯೂ ನೋಡ್ದೆ ಇದ್ದೆ. ಆಮೇಲೆ ಭಾವನ ಅಚ್ಚುಮನೆ. ಭಾವ ಅಚ್ಚಿನ ಮೊಳೆ ಜೋಡಿಸ್ತಾ ಕೇಳಿದ, 'ಕರಪತ್ರದಲ್ಲಿ ಎಷ್ಟು ಆಶ್ವಾಸನೆ ಹಾಕ್ಲಿ?' ಅಂತ. 'ಒಂದೇ. ಆಚೆ ದಡಕ್ಕೆ ಪಕ್ಕಾ ಸೇತುವೆ.' 'ಒಂದೇ ಸಾಲಾ? ಉಳಿದ ಜಾಗ?' 'ಖಾಲಿ ಬಿಡು' ಅಂದೆ. ಭಾವ ಕನ್ನಡಕ ಹಣೆಗೇರಿಸಿ, 'ಇಷ್ಟು ಖಾಲಿ ಇರೋ ಕರಪತ್ರ ನನ್ನ ಕಸುಬಿನಲ್ಲೇ ಅಚ್ಚು ಹಾಕಿಲ್ಲ ಕಣೋ' ಅಂದ.

ಗೆದ್ದೆವು! ಆ ಖಾಲಿ ಕರಪತ್ರಕ್ಕೇ ಗೆದ್ದೆವು!

ಸದನದ ಮೊದಲನೇ ದಿನದ ಕತೆ ಹೇಳಿಲ್ಲ ನಾನು. ಯಾರಿಗೂ ಹೇಳಿಲ್ಲ. ಸಭಾಧ್ಯಕ್ಷರು ಒಳಗೆ ಬಂದ್ರು, ಎಲ್ರೂ ಎದ್ರು. ಎದ್ರು ಅಂದ್ರೆ, ಒಬ್ಬ ಅರ್ಧ ಎದ್ದ, ಒಬ್ಬ ಕುರ್ಚಿ ಕೈ ಹಿಡ್ಕೊಂಡ, ಇನ್ನೊಬ್ಬ ಪಕ್ಕದವನ ಕಿವೀಲಿ ಏನೋ ಹೇಳ್ತಿದ್ದ. ನಾನು... ಹಿಮ್ಮಡಿ ಕೂಡಿಸಿ, ಎದೆ ಎತ್ತಿ, ಟಕ್ ಅಂತ ಸೆಲ್ಯೂಟ್ ಹೊಡೆದ್ಬಿಟ್ಟೆ! ತಾನಾಗೇ ಬಂತು ಕೈ! ಇಡೀ ಸಭೆ ಗೊಳ್ಳೆಂದು ನಕ್ಕಿತು. ಸಭಾಧ್ಯಕ್ಷರೂ ನಕ್ಕರು. 'ವಿಶ್ರಾಂ' ಅಂದ್ರು ಮೈಕಿನಲ್ಲಿ. ಮತ್ತೆ ನಗು. ನಾನೂ ನಕ್ಕೆ. ಏನು ಮಾಡೋದು, ನಗ್ದೆ ಇದ್ರೆ ಇನ್ನೂ ನಗ್ತಾರೆ.

ನನ್ನ ಜಾಗ ಒಂದು ಕಂಬದ ಹಿಂದೆ. ಮೂರು ಸಲ ಗೆದ್ರೂ ಅದೇ ಕಂಬ. ಟೀವೀಲಿ ಸದನ ತೋರಿಸ್ತಾರಲ್ಲ, ನೋಡಿದ್ದೀಯ ಯಾವತ್ತಾದ್ರೂ? ಕಂಬದ ಎಡಗಡೆ ಒಂದು ಮೊಣಕೈ ಕಾಣುತ್ತೆ. ಅದು ನಾನು.

...ನೋಡಿದ್ದೀಯ? ತಲೆ ಆಡಿಸ್ದೆ ನೀನು! ನೋಡಿದ್ದೀಯಾ ಅಕ್ಕಾ? ನನ್ನ ಮೊಣಕೈ ಗುರುತು ಸಿಕ್ತಾ ನಿಂಗೆ?

...ಹೂಂ. ಆ ಶರ್ಟು ನೀನು ಹೊಲಿದಿದ್ದು ತಾನೆ. ಗುರುತು ಸಿಗ್ದೆ ಏನು.

ಸೇತುವೆ ಬಗ್ಗೆ ಕೇಳ್ದೆ. ಕೇಳ್ದೇ ಬಿಟ್ಟಿಲ್ಲ. ಪ್ರತಿ ಅಧಿವೇಶನಕ್ಕೂ ಒಂದು ಪ್ರಶ್ನೆ. ಮಂತ್ರಿಗಳು ಎದ್ದು, 'ಪ್ರಸ್ತಾವನೆ ಪರಿಶೀಲನೆಯಲ್ಲಿದೆ' ಅಂತಿದ್ರು. ನಾನು ಮತ್ತೆ ಎದ್ರೆ, ಹಿಂದಿನಿಂದ ನಮ್ಮವರೇ ಯಾರೋ, 'ಕೂತ್ಕೊಳ್ಳಿ ಸಾಹೇಬ್ರೇ, ನಮ್ಮದೇ ಸರ್ಕಾರ.' ಕೂತ್ಕೊಂಡ್ಬಿಡ್ತಿದ್ದೆ. ವರ್ಷಾನುಗಟ್ಟಲೆ ಆರ್ಡರ್ ಕೇಳಿದ ಮೈ ಅಕ್ಕಾ ಇದು. ಕೂತ್ಕೋ ಅಂದ್ರೆ ಮಂಡಿ ತಾನಾಗೇ ಮಡಚುತ್ತೆ. ಅದಕ್ಕೇ ಎಲ್ರೂ ಹೊಗಳೋರು: ಶಿಸ್ತಿನ ಸಿಪಾಯಿ! ನಮ್ಮ ಮೇಜರ್ ಸಾಹೇಬ್ರು ಶಿಸ್ತಿನ ಸಿಪಾಯಿ! ಯಾರ್ಯಾರೋ ಮಂತ್ರಿ ಪದವಿ ಬೇಕು ಅಂತ ಮುನಿಸ್ಕೊಂಡ್ರು, ಬಾಗಿಲು ಒದ್ರು, ಪಕ್ಷ ಬಿಟ್ರು, ಮತ್ತೆ ಬಂದ್ರು, ಮಂತ್ರಿ ಆದ್ರು. ನಾನು ಸಿಪಾಯಿ. ಮಾತೆತ್ತಿದ್ರೆ, 'ಸಾಹೇಬ್ರೇ, ಭಾನುವಾರ ದೊಡ್ಡ ಸಭೆ ಇದೆ, ಮೆಡಲ್ ಹಾಕ್ಕೊಂಡು ಬನ್ನಿ.' ಮೆಡಲ್ ಹಾಕ್ಕೊಂಡು ಹೋಗ್ತಿದ್ದೆ. ವೇದಿಕೆ ಮೇಲೆ ಕೊನೇ ಕುರ್ಚಿ. ನನ್ನ ತೋರಿಸಿ ಚಪ್ಪಾಳೆ ಹೊಡೆಸೋರು. ಮೈಕು ಮಾತ್ರ ನನ್ನ ಹತ್ರ ಬರೋ ಹೊತ್ತಿಗೆ ಜನ ಎದ್ದು ಹೊರಟಿರ್ತಿದ್ರು.

ಎರಡನೇ ಸಲಕ್ಕೆ ಶಂಕುಸ್ಥಾಪನೆ ಆಯ್ತು. ಮೂರು ಕಂಬ ಎದ್ದವು. ಮೂರೇ. ಆಮೇಲೆ ಗುತ್ತಿಗೆದಾರ ಹೋದ, ಇಂಜಿನಿಯರ್ ಬದಲಾದ, ಮಂತ್ರಿ ಬದಲಾದ. ಹೊಳೆ ಮಧ್ಯೆ ಮೂರು ಕಂಬ ನಿಂತಿವೆ, ಮೇಲೆ ಏನೂ ಇಲ್ಲ. ಕೊಕ್ಕರೆ ಕೂರುತ್ತೆ. ಜನ ಈಗ್ಲೂ ದೋಣೀಲೇ ದಾಟ್ತಾರೆ. ದೋಣಿಯೋನು ಆ ಕಂಬಕ್ಕೆ ಹಗ್ಗ ಕಟ್ಟಿ ಬೀಡಿ ಸೇದ್ತಾನೆ. 'ಸಾಹೇಬ್ರೇ, ನಿಮ್ಮಿಂದ ಇಷ್ಟಾದ್ರೂ ಉಪಕಾರ ಆಯ್ತು' ಅಂದ! ವ್ಯಂಗ್ಯ ಅಲ್ಲ ಅಕ್ಕಾ, ನಿಜವಾಗ್ಲೂ ಅಂದ. ಅದಕ್ಕೇ ನಂಗೆ...

ಆ ಅಜ್ಜಿ, ಬಾಗಿಲಿನ ಅಜ್ಜಿ. ಪ್ರತಿ ಚುನಾವಣೇಲೂ ನಾನು ದಡಕ್ಕೆ ಕಾಲಿಟ್ಟ ಕೂಡ್ಲೇ, 'ಏನಪ್ಪಾ, ಸೇತುವೆ ಎಲ್ಲಿ?' ಅಂತ ದಬಾಯಿಸೋಳು. ಗದರಿಸ್ಕೊಂಡ್ರೂ ಖುಷಿ ಆಗೋದು, ನಿನ್ನಾಣೆ. ಕಳೆದ ಸಲ ಹೋದಾಗ ಕಟ್ಟೆ ಮೇಲೆ ಕೂತಿದ್ಲು. ನಾನೇ ಹೋಗಿ ನಿಂತೆ, ಕೇಳ್ಲಿ ಅಂತ ಕಾದೆ. ಕೇಳ್ಲಿಲ್ಲ. 'ಊಟ ಆಯ್ತಾ?' ಅಂದ್ಲು. ಅಷ್ಟೇ. ಸೇತುವೆ ಮಾತೇ ಎತ್ಲಿಲ್ಲ. ದಾರಿಹೋಕನನ್ನ ಕೇಳೋ ಹಾಗೆ ಊಟ ಆಯ್ತಾ ಅಂದ್ಲು. ಅದು ಚುಚ್ಚಿದ ಹಾಗೆ ಯಾವ ಬೈಗುಳವೂ ಚುಚ್ಚಿಲ್ಲ.

ಗಾಡಿ ಸದ್ದು... ಇದು ಅವರದ್ದೇ. ಹಾರ್ನು ಹಾಗೇ ಇದೆ. ಇರು...

...

ಗ್ಯಾಸಿನೋನು. ಪಕ್ಕದ ಮನೆಗೆ.

ಎಷ್ಟು ಹೊತ್ತಾಯ್ತು ನಾನು ಬಂದು? ದಾರಿ ತಪ್ಪಿರ್ಬೇಕು ಅವರಿಗೆ. ಈ ಓಣಿ ಹುಡುಕೋದು ಕಷ್ಟ. ನಾಲ್ಕು ವರ್ಷದ ಹಿಂದೆ ಭಾವ ತೀರಿಹೋದಾಗ ಬಂದಿದ್ರಲ್ಲ ಎಲ್ರೂ, ಆಗ ಮಾತ್ರ ಹೇಗೆ ಸಿಕ್ತು ಅಂತೀಯಾ? ನೀನೇನೂ ಅನ್ಲಿಲ್ಲ, ಆದ್ರೆ ನಿನ್ನ ಮುಖ ಅಂತು. ಅಕ್ಕಾ, ಆ ಬ್ಯಾನರ್ ನಾನು ಹಾಕಿಸಿದ್ದಲ್ಲ. ಸಾವಿರ ಸಲ ಹೇಳಿದ್ದೀನಿ. ಪಕ್ಷದ ಹುಡುಗರು ಹಾಕಿದ್ರು. ಭಾವನ ಫೋಟೋ ಇಷ್ಟೇ ಇಷ್ಟು, ನನ್ನದು ಅಷ್ಟುದ್ದ, ದೊಡ್ಡವರದ್ದು ಅದಕ್ಕಿಂತ ಉದ್ದ. 'ಅಗಲಿದ ಕಾರ್ಯಕರ್ತ' ಅಂತ ಬೇರೆ! ಭಾವ ಯಾವ ಪಕ್ಷದ ಕಾರ್ಯಕರ್ತ? ಒಂದು ಅಕ್ಷರ ತಪ್ಪು ಬಿದ್ರೂ ನಿದ್ದೆ ಮಾಡ್ದೆ ಇರೋ ಮನುಷ್ಯ, ಅವನ ಹೆಸರಿನಲ್ಲೇ ಒತ್ತಕ್ಷರ ತಪ್ಪಿತ್ತು...

ಮೆಷಿನ್ನು ನಿಲ್ಲಿಸ್ಬೇಡ. ಸರಿ, ತೆಗೆಸ್ಲೂ ಇಲ್ಲ ನಾನು. ಅದೂ ನಿಜ. ಹೊಲಿ.

ಹೋಟೆಲ್ಲಿನ ವಿಷಯಕ್ಕೆ ಬರ್ತೀನಿ. ಯಾಕೆ ಗೋಡೆ ಹಾರಿದೆ, ಅದು ಹೇಳ್ಬೇಕಲ್ಲ. ವಾರವಿಡೀ ಒಬ್ಬನೇ ಇದ್ದೆ. ಒಂದೊಂದು ಕೋಣೆಗೆ ಇಬ್ಬಿಬ್ಬರು, ನಂಗೆ ಮಾತ್ರ ಒಬ್ಬನಿಗೇ ಕೋಣೆ. ಮರ್ಯಾದೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಜೊತೆಗೆ ಇರ್ತೀನಿ ಅಂತ ಯಾರೂ ಅನ್ಲಿಲ್ಲ. ಊಟದ ಮೇಜಿಗೆ ತಟ್ಟೆ ಹಿಡ್ಕೊಂಡು ಹೋದ್ರೆ ಮಾತು ನಿಲ್ಲಿಸೋರು. ಅವರ ವ್ಯವಹಾರದ ಮಾತು, ಯಾರಿಗೆ ಏನು, ಯಾವ ಖಾತೆ. ನಾನು ಕೂತ ಕೂಡ್ಲೇ, 'ಏನ್ಸಾಹೇಬ್ರೇ, ವಾಕಿಂಗ್ ಆಯ್ತಾ?' ಅಷ್ಟು ದೊಡ್ಡ ಹಾಸಿಗೆ ಅಕ್ಕಾ, ನಾಲ್ಕು ದಿಂಬು. ನಾಲ್ಕು ದಿಂಬು ಒಬ್ಬನಿಗೆ! ಮೂರನ್ನ ತೆಗೆದು ಕುರ್ಚಿ ಮೇಲಿಟ್ಟೆ. ಕತ್ತಲಲ್ಲಿ ಯಾರೋ ಕೂತ ಹಾಗೆ ಕಾಣ್ತಿತ್ತು. ಇರ್ಲಿ ಅಂತ ಹಾಗೇ ಬಿಟ್ಟೆ.

ಆಗ ಯೋಚನೆ ಮಾಡ್ದೆ. ಹದಿಮೂರು ವರ್ಷದಲ್ಲಿ ಮೊದಲನೇ ಸಲ ಯೋಚನೆ ಮಾಡ್ದೆ ಅನ್ನು. ಒಂದು ಓಟಿನ ಮೇಲೆ ನಿಂತಿದೆ ಸರ್ಕಾರ. ಎಲ್ರೂ ತಂತಮ್ಮ ಓಟಿಗೆ ಏನೋ ಕೇಳ್ತಿದ್ದಾರೆ. ನಾನ್ಯಾಕೆ ಕೇಳ್ಬಾರ್ದು? ನಂಗೆ ಕುರ್ಚಿ ಬೇಡ, ಕಾರು ಬೇಡ. ಆ ಮೂರು ಕಂಬದ ಮೇಲೆ ಸೇತುವೆ. ಇವತ್ತು ಬೆಳಿಗ್ಗೆ ನೆಟ್ಟಗೆ ದೊಡ್ಡವರ ಕೋಣೆಗೆ ಹೋದೆ, ಬಾಗಿಲು ತಟ್ಟಲೂ ಇಲ್ಲ. 'ಸೇತುವೆ ಆದೇಶಕ್ಕೆ ಈಗ್ಲೇ ಸಹಿ ಹಾಕಿ. ಇಲ್ದಿದ್ರೆ ನನ್ನ ಓಟಿಲ್ಲ!' ಅಂದೆ. ಗುಡುಗಿದೆ ಅಕ್ಕಾ! ಅವರು ಟೀ ಕಪ್ಪು ಕೆಳಗಿಟ್ಟು ಎದ್ದುನಿಂತ್ರು. 'ಸಾಹೇಬ್ರೇ, ನೀವೇ ಹೀಗಂದ್ರೆ ಹೇಗೆ, ಕೂತ್ಕೊಳ್ಳಿ' ಅಂದ್ರು. ಕೂತ್ಕೊಳ್ಳಲಿಲ್ಲ ನಾನು! 'ಇವರನ್ನ ಕೋಣೆಯಿಂದ ಬಿಡ್ಬೇಡಿ, ಕಾವಲು ಹಾಕಿ' ಅಂತ ಕೂಗಾಡಿದ್ರು. ಆಗ್ಲೇ ನಾನು ಅಡುಗೆಮನೆ ಕಡೆಯಿಂದ... ಡಬ್ಬದ ಮೇಲೆ... ಟವೆಲ್ಲು...

ಯಾಕೆ ನಿಲ್ಲಿಸ್ದೆ?

ಬಾಬಿನ್ನು ಖಾಲಿ ಆಯ್ತಾ? ಇಲ್ಲ, ಇದೆಯಲ್ಲ ದಾರ. ಹೊಲಿ ಅಕ್ಕಾ. ಕೈ ಯಾಕೆ ಮಡಿಲಲ್ಲಿ ಇಟ್ಕೊಂಡೆ? ಅಷ್ಟು ಶರ್ಟು ಬಾಕಿ ಇವೆ, ನಾಳೆ ಸ್ಕೂಲಿನೋರು ಬರಲ್ವಾ? ಹೊಲಿ... ಹೊಲಿಯಕ್ಕಾ.

ಯಾಕೆ ಹಾಗೆ ನೋಡ್ತೀಯ?

...

ಓಣೀಲಿ ಎಷ್ಟು ನಿಶ್ಶಬ್ದ ನೋಡು. ಒಂದು ಸೈಕಲ್ಲೂ ಇಲ್ಲ.

...

ಯಾರೂ ಬರಲ್ಲ ಅಕ್ಕಾ.

ಯಾರೂ ಹುಡುಕ್ತಿಲ್ಲ ನನ್ನ. ಗೋಡೆ ಹಾರ್ಲಿಲ್ಲ ನಾನು. ಈ ಮಂಡೀಲಿ ಯಾವ ಗೋಡೆ ಹಾರಲಿ? ಗೇಟಿನಿಂದ ಬಂದೆ. ದೊಡ್ಡ ಗೇಟಿನಿಂದ, ಹಗಲಿನಲ್ಲೇ.

ಬಾಗಿಲು ತಟ್ಟಿದೆ. ಎರಡು ಸಲ ತಟ್ಟಿದೆ. 'ಬನ್ನಿ ಸಾಹೇಬ್ರೇ' ಅಂದ್ರು. ಸೇತುವೆ ಅಂತ ಅಂದೆ... ಗುಡುಗಲಿಲ್ಲ. 'ಇಲ್ದಿದ್ರೆ ಓಟು ಹಾಕೋಕೆ ನಂಗೆ ಕಷ್ಟ ಆಗುತ್ತೆ' ಅಂದೆ. ಕಷ್ಟ ಆಗುತ್ತೆ! ಹಾಗಂದೆ ನೋಡು, ಯಾರದೋ ಹತ್ರ ಸಾಲ ಕೇಳೋನ ಹಾಗೆ. ಅವರು ಬೈಲಿಲ್ಲ. ಕೋಪ ಮಾಡ್ಕೊಳ್ಳಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ಅಕ್ಕಾ. ಎದ್ದು ಬಂದು ಭುಜದ ಮೇಲೆ ಕೈ ಇಟ್ರು. 'ಸಾಹೇಬ್ರೇ, ರಾತ್ರಿ ಆ ಕಡೆಯಿಂದ ನಾಲ್ಕು ಜನ ನಮ್ಮ ಕಡೆ ಬಂದಿದ್ದಾರೆ. ಲೆಕ್ಕ ಸರಿಹೋಯ್ತು. ನೀವು ಒಂದು ವಾರದಿಂದ ದಣಿದಿದ್ದೀರಿ. ಕಷ್ಟ ಪಟ್ಕೋಬೇಡಿ, ಮನೆಗೆ ಹೋಗಿ ಮಲಗಿ' ಅಂದ್ರು. ಅಂದು, ಗೇಟಿಗೆ ಹೇಳಿ ಕಳಿಸಿದ್ರು, ಸಾಹೇಬ್ರಿಗೆ ಗೇಟು ತೆಗೀರಿ ಅಂತ.

ತೆಗೆದ್ರು.

ಗೇಟಿನೋನು ನನ್ನ ಮುಖ ನೋಡ್ಲಿಲ್ಲ. ಸುದ್ದಿಯೋರು ಇದ್ರು ಅಲ್ಲಿ, ಕ್ಯಾಮೆರಾ ಹಿಡ್ಕೊಂಡು, ಸಾಲಾಗಿ. ಕಾಲರ್ ಸರಿ ಮಾಡ್ಕೊಂಡೆ. ಈಗ ಮುತ್ತಿಗೆ ಹಾಕ್ತಾರೆ, 'ಮೇಜರ್ ಸಾಹೇಬ್ರು ಹೊರಗೆ ಬಂದ್ರು' ಅಂತ ಎಲ್ಲಾ ಟೀವೀಲಿ ಬರುತ್ತೆ ಅಂತ. ಒಬ್ಬ ಹುಡುಗಿ ನನ್ನ ಕಡೆ ಬಂದ್ಲು. 'ಅಂಕಲ್, ಸ್ವಲ್ಪ ಪಕ್ಕಕ್ಕೆ ಬನ್ನಿ, ಫ್ರೇಮಿಗೆ ಅಡ್ಡ ಬರ್ತೀರಿ' ಅಂದ್ಲು. ಪಕ್ಕಕ್ಕೆ ಬಂದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಿದ್ವಲ್ಲ ಸಣ್ಣೋರಿದ್ದಾಗ, ಕುಂಟಾಬಿಲ್ಲೆ ಆಡುವಾಗ, ತೀರಾ ಚಿಕ್ಕ ಮಕ್ಕಳಿಗೆ? ಅದು. ಹದಿಮೂರು ವರ್ಷ ಅದೇ ಆಗಿದ್ದೆ. ಇವತ್ತು ಬೆಳಿಗ್ಗೆ ಗೊತ್ತಾಯ್ತು.

ಆ ಕಡೆಯೋರಾದ್ರೂ ಬರ್ತಾರೇನೋ ಅಂತ ಬಸ್‌ಸ್ಟಾಪಿನಲ್ಲಿ ಕೂತೆ. ನಾಚಿಕೆ ಬಿಟ್ಟು ಹೇಳ್ತೀನಿ, ಕೂತೆ. ತುಂಬಾ ಹೊತ್ತು ಕೂತೆ. ಬರ್ಲಿಲ್ಲ. ಮತ್ತೆ ನಡ್ಕೊಂಡು ಬಂದೆ. ನಿನ್ನ ಮನೇಲಿ ಅಡಗಿಕೊಂಡಿದ್ರೆ, ಮತ ಮುಗಿಯೋವರೆಗೆ ಕೂತಿದ್ರೆ, ನಾಳೆ ಹೇಳ್ಬಹುದಲ್ಲ, ಅಡಗಿದ್ದೆ ಅಂತ. ಯಾರೋ ಹುಡುಕ್ತಿದ್ರು, ನಾನು ಸಿಗ್ಲಿಲ್ಲ ಅಂತ. ಯಾರೂ ಹುಡುಕದೆ ಇರೋನು ಅಡಗೋದು ಹೇಗೆ ಅಕ್ಕಾ? ಅದಕ್ಕೇ ಪರದೆ ಎಳ್ದೆ.

ಬೈಯಿ. ಸುಮ್ನೆ ಕೂತ್ಕೋಬೇಡ, ಏನಾದ್ರೂ ಅನ್ನು. 'ಅವತ್ತೇ ಬೇಡ ಅಂತ ತಲೆ ಅಲ್ಲಾಡಿಸಿದ್ದೆನಲ್ಲೋ' ಅನ್ನು.

...

ಇನ್ನೂ ಹೊತ್ತಿದೆ. ಮತ ಮಧ್ಯಾಹ್ನದ ಮೇಲೆ. ಹೋಗ್ಬಹುದು. ಹೋಗಿ 'ಹೌದು' ಅಂದ್ರೆ ಸೀಟು ಉಳಿಯುತ್ತೆ, ಕಂಬದ ಹಿಂದೆ, ಇನ್ನೆರಡು ವರ್ಷ. 'ಇಲ್ಲ' ಅಂದ್ರೆ ಪಕ್ಷದ ಆಜ್ಞೆ ಮೀರಿದ್ದಕ್ಕೆ ಅನರ್ಹ. ಸೀಟು ಹೋಗುತ್ತೆ. ಸರ್ಕಾರ ಏನೂ ಬೀಳಲ್ಲ, ಒಂದು ಕೂದಲೂ ಕೊಂಕ್ದೆ ಉಳಿಯುತ್ತೆ. ನಾನು ಬೀಳ್ತೀನಿ ಅಷ್ಟೇ. ಆದ್ರೆ ಮತ ಎಣಿಸುವಾಗ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳ್ತಾರೆ ಅಕ್ಕಾ. ಎದ್ದು ನಿಲ್ಲಬೇಕು. ಆಗ 'ಇಲ್ಲ, ಯಾಕಂದ್ರೆ ಆಚೆ ದಡಕ್ಕೆ ಸೇತುವೆ ಆಗಿಲ್ಲ' ಅಂತ ಅಂದ್ರೆ, ಒಂದೇ ವಾಕ್ಯ, ಬರ್ಕೊಳ್ಳೋರು ಬರ್ಕೊಳ್ಳಲೇಬೇಕು. ಕೂತ್ಕೊಳ್ಳಿ ಅಂತಾರೆ. ಅನ್ಲಿ. ಮಂಡಿ ಮಡಚದ ಹಾಗೆ ಬೆಂಚು ಹಿಡ್ಕೊಂಡು ನಿಲ್ತೀನಿ.

ಅಷ್ಟು ಮಾಡಿ ಏನು ಬಂತು? ಯಾರು ಕೇಳ್ತಾರೆ? ಅಜ್ಜಿಗೆ ಗೊತ್ತಾಗಲ್ಲ, ದೋಣಿಯೋನಿಗೆ ಗೊತ್ತಾಗಲ್ಲ. ನಾಳೆಯಿಂದ ನನ್ನನ್ನ ಸಾಹೇಬ್ರೇ ಅನ್ನೋರೂ ಇರಲ್ಲ. ಆ ಸರ್ಕಾರಿ ಮನೆ ಬಿಡ್ಬೇಕು. ಟ್ರಂಕು ಎತ್ಕೊಂಡು ಎಲ್ಲಿಗೆ ಹೋಗ್ಲಿ? ಒಂದು ಮಾತು ಹೇಳು. 'ಇರು' ಅನ್ನು. 'ಇಲ್ಲೇ ಇರೋ, ಹೋಗ್ಬೇಡ' ಅನ್ನು. ಇದ್ದುಬಿಡ್ತೀನಿ. ಗುಂಡಿ ಹಚ್ಚಿ ಕೊಡ್ತೀನಿ ನಿಂಗೆ, ಕಾಜಾ ಹಾಕ್ತೀನಿ. ಸೈನ್ಯದಲ್ಲಿ ನನ್ನ ಗುಂಡಿ ನಾನೇ ಹಾಕ್ಕೋತಿದ್ದೆ. ಅಕ್ಕಾ... ಇರು ಅನ್ನು.

...

ಅನ್ನಲ್ವಾ?

...

ಅನ್ನಲ್ಲ.

ಹೂಂ. ಸರಿ. ನಿನ್ನ ಮೌನ ಹಿಂದೆಲ್ಲ ಕೋಪ ಅಂದ್ಕೊಳ್ತಿದ್ದೆ.

ಹೊರಡ್ತೀನಿ, ಆ ಒಂದು ವಾಕ್ಯ ಹೇಳಿ ಬರ್ತೀನಿ. ಏಳ್ಬೇಡ ನೀನು. ಮುಂಬಾಗಿಲಿನಿಂದ್ಲೇ ಹೋಗ್ತೀನಿ, ಯಾರು ನೋಡ್ತಾರೆ. ಅಕ್ಕಾ, ಸದನದ ಕಡೆ ಹೋಗೋ ಬಸ್ಸು ಎಲ್ಲಿ ನಿಲ್ಲುತ್ತೆ? ಹದಿಮೂರು ವರ್ಷ ಹೋಗಿ ಬಂದಿದ್ದೀನಿ, ಯಾವ ಬಸ್ಸು ಅಂತ ಗೊತ್ತಿಲ್ಲ ನೋಡು...

ಇರ್ಲಿ, ಬಿಡು. ಕೇಳ್ಕೊಂಡು ಹೋಗ್ತೀನಿ.